ಮಲೆನಾಡಿನ ಮನೆಗೆ ಹಳೇ ಗಡಿಯಾರ: ಮೊದಲು ಗೋಡೆ ನೋಡಿ, ಆಮೇಲೆ ಮಿಶಿನ್, ಅಂದ ಕೊನೆಗೆ

ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆಯಿಂದ ನನಗೆ ಪದೇ ಪದೇ ಬರುವ ಪ್ರಶ್ನೆ ಒಂದೇ. "ಮನೆ ಕಟ್ಟಿಸಿದ್ದೀವಿ, ಹಾಲ್‌ಗೆ ಒಂದು ಹಳೇ ಕಾಲದ ಗಡಿಯಾರ ಬೇಕು. ಯಾವುದು ತಗೊಳ್ಳೋದು?" ಕೆಲವರು ಹೋಂಸ್ಟೇಗೆ ಕೇಳುತ್ತಾರೆ. ಇನ್ನು ಕೆಲವರಿಗೆ ತಾತನ ಮನೆಯ ಪಡಸಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದ ಗಡಿಯಾರದ ನೆನಪು. ಎಲ್ಲರಿಗೂ ಉಪಯೋಗಕ್ಕೆ ಬರಲಿ ಅಂತ ಶುರುವಿನಿಂದ ಕೊನೆಯವರೆಗೆ ಇಲ್ಲಿ ಬರೆದಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಓಡದ ಗಡಿಯಾರವನ್ನು ಬರೀ ಅಂದಕ್ಕೆ ಅಂತ ತೂಗುಹಾಕಬೇಡಿ. ನಿಂತ ಗಡಿಯಾರ ಮನೆಗೆ ಒಳ್ಳೇದಲ್ಲ ಅಂತ ಹಿರಿಯರು ಹೇಳುತ್ತಾರೆ. ಆ ನಂಬಿಕೆ ನಿಮಗೆ ಇರಲಿ, ಇಲ್ಲದಿರಲಿ, ಹಳೇ ಗಡಿಯಾರದ ಚೆಂದ ಇರುವುದೇ ಅದರ ಓಟದಲ್ಲಿ. ಆಷಾಢದ ಮಳೆಗೆ ಕರೆಂಟ್ ಹೋಗಿ, ಟಿವಿ ಸುಮ್ಮನಾಗಿ, ಮನೆಯಲ್ಲಿ ಲೋಲಕದ ಸದ್ದು ಮಾತ್ರ ಉಳಿಯುತ್ತದಲ್ಲ, ಆ ಹೊತ್ತಿಗೆ ಅದರ ಬೆಲೆ ಗೊತ್ತಾಗುತ್ತದೆ. ಹಾಗಾಗಿ ಆಯ್ಕೆಗೆ ನನ್ನ ಅಳತೆ ಒಂದೇ: ಇದು ನಿಮ್ಮ ಮನೆಯಲ್ಲಿ, ನಿಮ್ಮ ಊರಿನ ಮಳೆಗಾಲದಲ್ಲಿ ಓಡುತ್ತದಾ?

ಶುರು ಮಾಡುವ ಮೊದಲು ಕೆಲವು ಪದ

ಆಂಟಿಕ್ ಅಂದರೆ ರೂಢಿಯಲ್ಲಿ 100 ವರ್ಷ ದಾಟಿದ್ದು. ವಿಂಟೇಜ್ ಅಂದರೆ ಅಷ್ಟು ಹಳೆಯದಲ್ಲ, ಆದರೂ ಒಂದು ಕಾಲದ ಗುರುತು ಇರುವಂಥದ್ದು. 1940ರಿಂದ 1970ರ ದಶಕದವರೆಗಿನ ಕೀ ಕೊಡುವ ಗಡಿಯಾರಗಳು ಇದರಲ್ಲಿ ಬರುತ್ತವೆ. 'ಆಂಟಿಕ್ ಸ್ಟೈಲ್' ಅಂತ ಮಾರುವುದು ಮೊನ್ನೆ ಮೊನ್ನೆ ತಯಾರಾಗಿ, ಹಳೆಯದರ ಬಣ್ಣ ಬಳಿಸಿಕೊಂಡದ್ದು. ಮೂರಕ್ಕೂ ಮನೆಯಲ್ಲಿ ಜಾಗ ಇದೆ. ಮೂರನೆಯದಕ್ಕೆ ಮೊದಲನೆಯದರ ದುಡ್ಡು ಕೊಡಬಾರದು, ಅಷ್ಟೇ.

ಮಿಶಿನ್ ಅಂದರೆ ಒಳಗಿನ ಹಲ್ಲುಚಕ್ರಗಳ ಕಟ್ಟು. ಕೇಸ್ ಅಂದರೆ ಹೊರಗಿನ ಪೆಟ್ಟಿಗೆ. ಲೋಲಕ ಅಂದರೆ ಆಡುವ ಪೆಂಡುಲಮ್, ಅದರ ತುದಿಯ ಭಾರವೇ ಗುಂಡು. 'ಎಂಟು ದಿನದ ಗಡಿಯಾರ' ಅಂದರೆ ಒಮ್ಮೆ ಪೂರ್ತಿ ಕೀ ಕೊಟ್ಟರೆ ಎಂಟು ದಿನ ಓಡುವಂಥದ್ದು. ವಾರಕ್ಕೊಮ್ಮೆ ಕೀ ಕೊಟ್ಟರೆ ಸಾಕು, ಒಂದು ದಿನ ಮರೆತರೂ ನಡೆಯುತ್ತದೆ.

ಇಷ್ಟು ಸಾಮಾನು ಕೈಲಿರಲಿ: ಟೇಪು, ಟಾರ್ಚು, ಒಂದು ಬಿಳಿ ಹಾಳೆ, ಸಣ್ಣ ಅಯಸ್ಕಾಂತ, ಸದ್ದು ರೆಕಾರ್ಡ್ ಮಾಡಲು ಫೋನು.

1. ಗೋಡೆ ಗೊತ್ತು ಮಾಡಿ

ಅಂಗಡಿಗೆ ಹೋಗುವ ಮೊದಲು ನಿಮ್ಮ ಮನೆಯ ಗೋಡೆಗಳನ್ನು ಒಂದು ಸುತ್ತು ನೋಡಿ. ಮಳೆಗಾಲದಲ್ಲಿ ಎಲ್ಲಿ ಬಣ್ಣ ಉಬ್ಬುತ್ತದೆ, ಎಲ್ಲಿ ಬೂಷ್ಟು ಹಿಡಿಯುತ್ತದೆ ಅನ್ನುವುದು ನಿಮಗೆ ಗೊತ್ತೇ ಇರುತ್ತದೆ. ಆ ಗೋಡೆ ಬೇಡ. ಮರ ಉಬ್ಬುತ್ತದೆ, ಸ್ಪ್ರಿಂಗಿಗೆ ತುಕ್ಕು ಹಿಡಿಯುತ್ತದೆ.

ವಾಸ್ತು ಪ್ರಕಾರ ಯಾವ ಗೋಡೆ ಅಂತ ತುಂಬಾ ಜನ ಕೇಳುತ್ತಾರೆ. ಪೂರ್ವ ಅಥವಾ ಉತ್ತರದ ಗೋಡೆ ಅನ್ನುವುದು ರೂಢಿ. ನಮ್ಮಲ್ಲಿ ಮುಂಗಾರು ಬೀಸುವುದು ನೈಋತ್ಯದಿಂದ, ಜಾಸ್ತಿ ನೆನೆಯುವುದು ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳು. ಅಂದರೆ ಹಿರಿಯರ ಮಾತು ಕೇಳಿದರೂ ಗಡಿಯಾರದ ಆರೋಗ್ಯ ನೋಡಿದರೂ ನೀವು ಅದೇ ಗೋಡೆಗೆ ಬಂದು ನಿಲ್ಲುತ್ತೀರಿ. ಎರಡು ಕೋಣೆಗಳ ನಡುವಿನ ಒಳಗೋಡೆ ಸಿಕ್ಕರೆ ಇನ್ನೂ ಒಳ್ಳೆಯದು.

ಅಡುಗೆಮನೆ ಬೇಡ. ಒಗ್ಗರಣೆಯ ಜಿಡ್ಡು ಚಕ್ರಗಳ ಮೇಲೆ ಅಂಟಿಕೊಳ್ಳುತ್ತದೆ. ದೇವರ ದೀಪದ ಮೇಲ್ಭಾಗವೂ ಬೇಡ, ಮಸಿ ಕೂರುತ್ತದೆ. ಸಂಜೆ ಬಿಸಿಲು ನೇರ ಬೀಳುವ ಜಾಗದಲ್ಲಿ ಮರದ ಮೆರುಗು ಬಿರಿಯುತ್ತದೆ.

ಮಲಗುವ ಕೋಣೆಗೆ ಅಂಟಿದ ಗೋಡೆಯಾದರೆ ಒಂದು ಲೆಕ್ಕ ಹಾಕಿ. ಗಂಟೆಗೂ ಅರ್ಧ ಗಂಟೆಗೂ ಹೊಡೆಯುವ ಗಡಿಯಾರ ದಿನಕ್ಕೆ 180 ಏಟು ಹೊಡೆಯುತ್ತದೆ. ಒಂದರಿಂದ ಹನ್ನೆರಡರವರೆಗೆ ಕೂಡಿದರೆ 78, ಅದು ದಿನಕ್ಕೆ ಎರಡು ಸಲ, ಮೇಲೆ ಅರ್ಧ ಗಂಟೆಯ 24. ಹಗಲು ಇಂಪಾಗಿ ಕೇಳಿದ್ದು ರಾತ್ರಿ ಹನ್ನೆರಡಕ್ಕೆ ಹಾಗೇ ಕೇಳಿಸುವುದಿಲ್ಲ. ಮನೆಯಲ್ಲಿ ಎಳೇ ಮಗು ಇದ್ದರೆ, ನಿದ್ದೆ ಕಡಿಮೆ ಇರುವ ವಯಸ್ಸಾದವರಿದ್ದರೆ, ಅವರನ್ನು ಕೇಳಿಯೇ ಮುಂದುವರಿಯಿರಿ.

ಈಗ ಟೇಪು ಹಿಡಿಯಿರಿ. ಡಯಲ್‌ನ ನಡುಭಾಗ ನೆಲದಿಂದ 5ರಿಂದ 5.5 ಅಡಿ ಎತ್ತರದಲ್ಲಿ ಬರಲಿ. ಹೆಂಚಿನ ಮನೆಯ ಎತ್ತರದ ಗೋಡೆ ನೋಡಿ ಎಷ್ಟೋ ಜನ ಗಡಿಯಾರವನ್ನು ಮೇಲೆ, ಜಂತಿಯ ಹತ್ತಿರ ಹಾಕಿಬಿಡುತ್ತಾರೆ. ಆಮೇಲೆ ವಾರವಾರ ಕೀ ಕೊಡಲು ಸ್ಟೂಲು ಬೇಕು. ಎರಡು ತಿಂಗಳಲ್ಲಿ ಬೇಸರ ಬರುತ್ತದೆ, ಗಡಿಯಾರ ನಿಲ್ಲುತ್ತದೆ. ಕೈಗೆ ಎಟುಕಬೇಕು, ಅದು ಮುಖ್ಯ. ಕೆಳಗೆ ದಿವಾನ ಅಥವಾ ಟೇಬಲ್ ಇದ್ದರೆ, ಗಡಿಯಾರ ಅದರ ಅಗಲವನ್ನು ಮೀರದಿರಲಿ. ಗೋಡೆಯ ಮೇಲೆ ಗಡಿಯಾರದ ಅಳತೆಗೆ ಪೇಪರ್ ಕತ್ತರಿಸಿ ಅಂಟಿಸಿ, ಎರಡು ದಿನ ಬಿಡಿ. ದೊಡ್ಡದಾಯಿತಾ, ಚಿಕ್ಕದಾಯಿತಾ ಅನ್ನುವುದು ತಾನಾಗೇ ತಿಳಿಯುತ್ತದೆ.

2. ಯಾವ ಬಗೆ ಅಂತ ತೀರ್ಮಾನಿಸಿ

ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಗೋಡೆಗೆ ಹಾಕುವ, ಕೀ ಕೊಡುವ, ಎಂಟು ದಿನದ ಲೋಲಕದ ಗಡಿಯಾರ. ಇದರಲ್ಲಿ ಎರಡು ಆಕಾರ ನಮ್ಮ ಕಡೆ ಜಾಸ್ತಿ ಕಾಣುತ್ತವೆ. ಒಂದು, ಮೇಲೆ ಎಂಟು ಮೂಲೆಯ ಮುಖ, ಕೆಳಗೆ ಸಣ್ಣ ಗಾಜಿನ ಕಿಂಡಿ ಇರುವುದು. ಹಳೇ ಶಾಲೆ, ಕಚೇರಿಗಳಲ್ಲಿ ಇದ್ದದ್ದು ಇದೇ. ಇನ್ನೊಂದು, ಉದ್ದನೆಯ ಗಾಜಿನ ಬಾಗಿಲು, ಎರಡೂ ಕಡೆ ಕಡೆದ ಕಂಬ, ತಲೆಯ ಮೇಲೆ ಕಿರೀಟದಂಥ ಕೆತ್ತನೆ ಇರುವುದು. ಇದನ್ನು ವಿಯೆನ್ನಾ ಶೈಲಿ ಅನ್ನುತ್ತಾರೆ. ಬಿಳಿ ಸುಣ್ಣದ ಗೋಡೆ, ಕೆಂಪು ರೆಡ್ ಆಕ್ಸೈಡ್ ನೆಲ, ಮರದ ಕಂಬಗಳಿರುವ ತೊಟ್ಟಿ ಮನೆಗೆ ಎರಡನೆಯದು ಹೇಳಿ ಮಾಡಿಸಿದ ಹಾಗಿರುತ್ತದೆ. ಚಿಕ್ಕ ಹಾಲ್‌ಗೆ, ಬಾಡಿಗೆ ಮನೆಗೆ ಮೊದಲನೆಯದು ವಾಸಿ.

ಗಡಿಯಾರ ಮಾಡಿದ ಕಂಪನಿಗಳ ಹೆಸರುಗಳ ಬಗ್ಗೆಯೂ ಕೇಳುತ್ತೀರಿ. ಜರ್ಮನಿಯ ಯುಂಗ್‌ಹಾನ್ಸ್ 1861ರಲ್ಲಿ ಶ್ರಾಮ್‌ಬರ್ಗ್ ಎಂಬ ಊರಲ್ಲಿ ಶುರುವಾಯಿತು. ನಕ್ಷತ್ರದೊಳಗೆ ಜೆ ಅಕ್ಷರ ಅದರ ಗುರುತು. ಗುಸ್ತಾವ್ ಬೆಕರ್ 1847ರದ್ದು. ಅದರ ಊರು ಆಗ ಜರ್ಮನ್ ಪ್ರಾಂತ್ಯವಾಗಿದ್ದ ಸೈಲೀಸಿಯಾದಲ್ಲಿತ್ತು, ಈಗ ಪೋಲೆಂಡಿನಲ್ಲಿದೆ. ಅಮೆರಿಕದ ಅನ್ಸೋನಿಯಾ 1929ರಲ್ಲಿ ಮುಚ್ಚಿತು. ಸೇತ್ ಥಾಮಸ್ ಕೂಡ ಅಮೆರಿಕದ್ದೇ. ಜಪಾನಿನ ಸೈಕೋಶಾ ಕಾರ್ಖಾನೆ 1892ರಲ್ಲಿ ಆರಂಭವಾದದ್ದು, ಇಂದಿನ ಸೈಕೋ ಕಂಪನಿಯ ಬೇರು ಅದೇ. ಡಯಲ್ ಮೇಲೆ 'ಪಿ. ಓರ್ ಅಂಡ್ ಸನ್ಸ್ (P. Orr & Sons), ಮದ್ರಾಸ್' ಅಂತ ಇದ್ದರೆ ಅದು ಮಾರಿದ ಅಂಗಡಿಯ ಹೆಸರು. ಮಿಶಿನ್ ಮಾಡಿದವರು ಬೇರೆಯವರಿರಬಹುದು, ಅದನ್ನು ಒಳಗೆ ನೋಡಬೇಕು.

ಉಳಿದ ಬಗೆಗಳ ಬಗ್ಗೆ ಬೇಗ ಹೇಳುತ್ತೇನೆ. ಮ್ಯಾಂಟಲ್ ಗಡಿಯಾರ ಅಂದರೆ ಬೆಂಕಿಗೂಡಿನ ಮೇಲಿನ ಹಲಗೆಗೆ ಅಂತ ಮಾಡಿದ ಮೇಜಿನ ಗಡಿಯಾರ. ಎಸ್ಟೇಟ್ ಬಂಗಲೆಯಲ್ಲಿ ಬೆಂಕಿಗೂಡು ಇದ್ದರೆ ಅದಕ್ಕಿಂತ ಚೆಂದದ ಜಾಗ ಇನ್ನೊಂದಿಲ್ಲ. ಆದರೆ ಒಲೆ ಉರಿಸುವ ದಿನ ಅದನ್ನು ಪಕ್ಕಕ್ಕೆ ಇಡಿ. ನೆಲದ ಮೇಲೆ ನಿಲ್ಲುವ ಆಳೆತ್ತರದ ಗ್ರ್ಯಾಂಡ್‌ಫಾದರ್ ಗಡಿಯಾರಕ್ಕೆ ಗಟ್ಟಿ, ಸಮತಟ್ಟಾದ ನೆಲ ಬೇಕು, ಹಿಂದಿನಿಂದ ಗೋಡೆಗೆ ಬಿಗಿಯಬೇಕು. ಅಟ್ಟದ ಹಲಗೆಯ ಮೇಲೆ ನಿಲ್ಲಿಸಿದರೆ ಯಾರೋ ನಡೆದಾಡಿದರೂ ಲೋಲಕ ತಪ್ಪುತ್ತದೆ. ಕುಕೂ ಗಡಿಯಾರದಲ್ಲಿ ಹಕ್ಕಿ ಕೂಗುವುದು ಪುಟ್ಟ ತಿದಿಗಳಿಂದ. ಹಳೆಯದರಲ್ಲಿ ತಿದಿಯ ಮಡಿಕೆಗಳು ಕಾಗದ ಅಥವಾ ಚರ್ಮದವು. ನಮ್ಮ ತೇವ ಮತ್ತು ಹುಳು ಎರಡೂ ಅದಕ್ಕೆ ಶತ್ರು. ಗಾಜಿನ ಗುಮ್ಮಟದೊಳಗೆ ನಿಧಾನವಾಗಿ ತಿರುಗುವ 400 ದಿನದ ಗಡಿಯಾರ ನೋಡಲು ಬಲು ಸೊಗಸು. ಆದರೆ ಅದರ ಲೋಲಕ ತೂಗುವುದು ಕೂದಲಿನಂಥ ತಂತಿಯಿಂದ. ಮಕ್ಕಳಿರುವ ಮನೆಗೆ ಬೇಡ.

ಕತ್ತಲಲ್ಲಿ ಹೊಳೆಯುವ ಮುಳ್ಳಿನ ಹಳೇ ಅಲಾರಂ ಗಡಿಯಾರಗಳ ಬಗ್ಗೆ ಮಾತ್ರ ಎಚ್ಚರ. 1960ರ ದಶಕಕ್ಕೆ ಮೊದಲಿನ ಹಲವು ಗಡಿಯಾರಗಳಲ್ಲಿ ಆ ಹೊಳಪಿಗೆ ರೇಡಿಯಂ ಬಣ್ಣ ಬಳಸಿದ್ದಾರೆ. ಈಗ ಹೊಳೆಯುವುದಿಲ್ಲ ಅಂದ ಮಾತ್ರಕ್ಕೆ ಅಪಾಯ ಹೋಯಿತು ಅಂತಲ್ಲ. ಹೊಳೆಯುವ ಪುಡಿ ಸವೆದಿರುತ್ತದೆ, ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಗಾಜು ಬಿಚ್ಚಬೇಡಿ, ಬಣ್ಣ ಕೆರೆಯಬೇಡಿ, ಹಾಸಿಗೆಯ ಪಕ್ಕ ಇಡಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಮನೆಗೆ ಅಂತ ಹೊಸದಾಗಿ ಕೊಳ್ಳುವುದಾದರೆ ಅಂಥದ್ದನ್ನು ಬಿಟ್ಟುಬಿಡುವುದೇ ಒಳ್ಳೆಯದು.

3. ರಿಪೇರಿ ಮಾಡುವವರನ್ನು ಮೊದಲು ಹುಡುಕಿ

ಇದನ್ನು ಎಲ್ಲರೂ ಕೊನೆಗೆ ಮಾಡುತ್ತಾರೆ. ಮೊದಲೇ ಮಾಡಿ. ನಿಮ್ಮ ಪೇಟೆಯಲ್ಲಿ ವಾಚ್ ರಿಪೇರಿಯವರು ಇದ್ದೇ ಇರುತ್ತಾರೆ. ಆದರೆ ಸೆಲ್ ಬದಲಾಯಿಸುವವರು ಬೇರೆ, ಹೊಡೆಯುವ ಗಡಿಯಾರ ಬಿಚ್ಚಿ ಜೋಡಿಸುವವರು ಬೇರೆ. ಹೋಗಿ ಮೂರು ಪ್ರಶ್ನೆ ಕೇಳಿ. ಮಿಶಿನ್ ಪೂರ್ತಿ ಬಿಚ್ಚಿ ತೊಳೆಯುತ್ತೀರಾ? ಸವೆದ ತೂತಿಗೆ ಬುಷ್ ಹಾಕುತ್ತೀರಾ? ಸ್ಪ್ರಿಂಗ್ ಮುರಿದರೆ ಎಲ್ಲಿಂದ ತರಿಸುತ್ತೀರಿ? ಬುಷ್ ಅಂದರೆ ಚಕ್ರದ ತುದಿ ತಿರುಗುವ ತೂತು ಸವೆದು ಅಗಲವಾದಾಗ ಅಲ್ಲಿ ಕೂರಿಸುವ ಪುಟ್ಟ ಹಿತ್ತಾಳೆ ಉಂಗುರ. ಬುಷ್ ಬಗ್ಗೆ ಮಾತಾಡುವಾಗ ಅವರ ಮುಖ ಅರಳಿದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ ಅಂತ ತಿಳಿಯಿರಿ. ಅಂಥವರು ಕಡಿಮೆಯಾಗುತ್ತಿದ್ದಾರೆ. ಸಿಕ್ಕರೆ ಒಳ್ಳೇ ಕೂಲಿ ಕೊಡಿ, ಚೌಕಾಸಿ ಮಾಡಬೇಡಿ.

4. ಹುಡುಕುವ ಜಾಗ

ಮೊದಲು ನಿಮ್ಮದೇ ನೆಂಟರ ಅಟ್ಟ ನೋಡಿ. ಹಳೇ ಮನೆ ಬಿಚ್ಚುವಾಗ, ತೋಟದ ಮನೆ ಕೈ ಬದಲಾಗುವಾಗ ಗಡಿಯಾರಗಳು ಹೊರಗೆ ಬರುತ್ತವೆ. ಆಮೇಲೆ ಹಳೇ ಮರದ ಸಾಮಾನಿನ ಅಂಗಡಿಗಳು. ದೂರ ಹೋಗುವುದಾದರೆ ಬೆಂಗಳೂರಿನ ಸಂಡೇ ಬಜಾರ್, ಕೊಚ್ಚಿಯ ಮಟ್ಟಾಂಚೇರಿ, ತಮಿಳುನಾಡಿನ ಕಾರೈಕುಡಿ, ಮುಂಬೈನ ಚೋರ್ ಬಜಾರ್. ಕಾರೈಕುಡಿಯಲ್ಲಿ ಚೆಟ್ಟಿಯಾರ್ ಮನೆಗಳಿಂದ ಬಂದ ಸಾಮಾನು ಸಿಗುತ್ತದೆ.

ಫೋಟೋ ನೋಡಿ ಆನ್‌ಲೈನ್‌ನಲ್ಲಿ ದುಡ್ಡು ಕಳಿಸಬೇಡಿ. ಕಳಿಸಲೇಬೇಕು ಅಂದರೆ ಬಾಗಿಲು ತೆಗೆದ ಮಿಶಿನ್‌ನ ಫೋಟೋ, ಐದು ನಿಮಿಷ ಓಡುವ ವಿಡಿಯೋ, ಗಂಟೆ ಹೊಡೆಯುವ ಸದ್ದು ಮೂರನ್ನೂ ಕೇಳಿ. ವಿಡಿಯೋ ನಡುವೆ ಕತ್ತರಿಸಿದ್ದರೆ ಬಿಟ್ಟುಬಿಡಿ. ಲೋಲಕವನ್ನು ಕೈಯಿಂದ ತಳ್ಳಿದರೆ ಸತ್ತ ಗಡಿಯಾರವೂ ಒಂದೆರಡು ನಿಮಿಷ ಆಡುತ್ತದೆ.

5. ಬಾಗಿಲು ತೆಗೆದು ಪರೀಕ್ಷೆ ಮಾಡಿ

ಇದಕ್ಕೆ ಕನಿಷ್ಠ ಅರ್ಧ ಗಂಟೆ ಬೇಕು. ಅವಸರ ಮಾಡುವ ವ್ಯಾಪಾರಿಯ ಹತ್ತಿರ ಕೊಳ್ಳಬೇಡಿ.

ಮೊದಲು ಮೂಸಿ ನೋಡಿ. ಹೌದು, ಮೂಸಿ. ಹಳೇ ಮರ, ಹಳೇ ಎಣ್ಣೆಯ ವಾಸನೆ ಬಂದರೆ ಸರಿ. ಹೊಸ ವಾರ್ನಿಷ್, ಟಿನ್ನರ್ ವಾಸನೆ ಗಪ್ಪನೆ ಬಂದರೆ ಏನನ್ನೋ ಮುಚ್ಚಿದ್ದಾರೆ ಅಂತ ಅರ್ಥ. ಬೂಷ್ಟಿನ ವಾಸನೆ ಬಂದರೆ ಹಿಂದಿನ ಹಲಗೆ ಒದ್ದೆ ಕುಡಿದಿದೆ.

ಈಗ ಬಿಳಿ ಹಾಳೆಯನ್ನು ಕೇಸ್‌ನ ಕೆಳಗೆ ಹಿಡಿದು ಪಕ್ಕದ ಹಲಗೆಯನ್ನು ಬೆರಳಲ್ಲಿ ತಟ್ಟಿ. ಗೋಧಿ ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಕುಟ್ಟೆ ಹುಳು ಇನ್ನೂ ಜೀವಂತ ಇದೆ. ಅಂಥ ಗಡಿಯಾರ ಮನೆಗೆ ಬಂದರೆ ನಿಮ್ಮ ಬಾಗಿಲು, ಕಿಟಕಿಗೂ ಅದು ಹಬ್ಬುತ್ತದೆ. ಹಳೇ ತೂತು ಮಾತ್ರ ಇದ್ದು ಪುಡಿ ಬೀಳದಿದ್ದರೆ ಚಿಂತೆಯಿಲ್ಲ.

ಟಾರ್ಚ್ ಹಿಡಿದು ಮಿಶಿನ್ ನೋಡಿ. ಹಿತ್ತಾಳೆಯ ಎರಡು ತಟ್ಟೆಗಳ ನಡುವೆ ಚಕ್ರಗಳು ಇರುತ್ತವೆ. ಪ್ರತಿ ಚಕ್ರದ ತುದಿ ತಟ್ಟೆಯ ತೂತಿನಲ್ಲಿ ಕೂತಿರುತ್ತದೆ. ಆ ತೂತು ದುಂಡಗಿರಬೇಕು. ಮೊಟ್ಟೆಯಾಕಾರ ಆಗಿದ್ದರೆ, ಸುತ್ತ ಕಪ್ಪು ಜಿಡ್ಡು ಮೆತ್ತಿದ್ದರೆ ಸವೆದಿದೆ. ಬುಷ್ ಹಾಕಿಸಬೇಕು, ಆ ಖರ್ಚನ್ನು ಬೆಲೆಯಿಂದ ಕಳೆಯಿರಿ. ತಟ್ಟೆಯ ಮೇಲೆ ಸೀಸದ ಬೆಸುಗೆಯ ಮುದ್ದೆ ಕಂಡರೆ ಹಿಂದೆ ಯಾರೋ ಕೆಟ್ಟ ರಿಪೇರಿ ಮಾಡಿದ್ದಾರೆ. ನಾನಾದರೆ ಅದನ್ನು ಅಲ್ಲೇ ಬಿಟ್ಟು ಬರುತ್ತೇನೆ.

ಮಿಶಿನ್ ಕೂತಿರುವ ಹಲಗೆಯ ಮೇಲೆ ಬೇಡದ ಸ್ಕ್ರೂ ತೂತುಗಳು ಇವೆಯಾ ಅಂತ ನೋಡಿ. ಇದ್ದರೆ ಒಂದು ಗಡಿಯಾರದ ಕೇಸ್‌ಗೆ ಇನ್ನೊಂದರ ಮಿಶಿನ್ ಕೂರಿಸಿದ್ದಾರೆ. ವ್ಯಾಪಾರದಲ್ಲಿ ಇದನ್ನು 'ಜೋಡಿ ಮಾಡಿದ್ದು' ಅನ್ನುತ್ತಾರೆ. ಡಯಲ್‌ನ ಕೀ ತೂತು ಮತ್ತು ಒಳಗಿನ ಕೀ ಕಡ್ಡಿ ನೇರ ಕೂರದಿದ್ದರೂ ಅದೇ ಅರ್ಥ. ಓಡುತ್ತಿದ್ದರೆ, ನೋಡಲು ಚೆನ್ನಾಗಿದ್ದರೆ ಮನೆಗೆ ತೊಂದರೆ ಇಲ್ಲ. ಆದರೆ ಅಸಲಿ ಆಂಟಿಕ್ ಬೆಲೆ ಕೊಡಬೇಡಿ.

ಕೀ ತೂತು ಎರಡಿದ್ದರೆ, ಸಾಮಾನ್ಯವಾಗಿ ಬಲಗಡೆಯದು ಓಟಕ್ಕೆ, ಎಡಗಡೆಯದು ಗಂಟೆಗೆ. ಮೂರಿದ್ದರೆ ಕಾಲು ಗಂಟೆಗೊಮ್ಮೆ ರಾಗ ನುಡಿಸುವಂಥದ್ದು, ರಿಪೇರಿಯೂ ಅಷ್ಟೇ ಕಷ್ಟ. ಮಾಲೀಕರ ಒಪ್ಪಿಗೆ ಪಡೆದು ಅರ್ಧ ಸುತ್ತು ಕೀ ಕೊಡಿ. ಕಟ್ ಕಟ್ ಕಟ್ ಅಂತ ಗಟ್ಟಿಯಾಗಿ ಕೇಳಬೇಕು. ಕೈ ಸಡಿಲಿಸಿದಾಗ ಕೀ ಸ್ವಲ್ಪ ಹಿಂದೆ ಬಂದು ನಿಲ್ಲಬೇಕು. ಜಾರಿ ಗಿರ್ರನೆ ಹಿಂದಕ್ಕೆ ಸುತ್ತಿದರೆ ತಡೆಯುವ ಕೊಕ್ಕೆ ಸವೆದಿದೆ. ಪೂರ್ತಿ ಕೀ ಕೊಟ್ಟಾಗ ಹೀಗಾದರೆ ಬೆರಳು ಮುರಿಯುತ್ತದೆ. ನೆಪಕ್ಕೂ ಪರೀಕ್ಷೆ ಮುಂದುವರಿಸಬೇಡಿ.

ಆಮೇಲೆ ದೊಡ್ಡ ಮುಳ್ಳನ್ನು ಬೆರಳಲ್ಲಿ ಮುಂದಕ್ಕೆ ತಿರುಗಿಸಿ. ಮುಂದಕ್ಕೆ ಮಾತ್ರ. ಹೊಡೆಯುವ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿದರೆ ಒಳಗಿನ ಸನ್ನೆ ಬಾಗಬಹುದು. ಪ್ರತಿ ಅರ್ಧ ಗಂಟೆಗೂ, ಪ್ರತಿ ಗಂಟೆಗೂ ನಿಲ್ಲಿಸಿ, ಪೂರ್ತಿ ಹೊಡೆಯಲು ಬಿಟ್ಟು ಎಣಿಸಿ. ಹನ್ನೆರಡರವರೆಗೂ ಹೋಗಿ. ಮುಳ್ಳು ನಾಲ್ಕು ತೋರಿಸಿ ಗಂಟೆ ಏಳು ಹೊಡೆದರೆ ಹೆದರಬೇಡಿ. ಎಷ್ಟು ಏಟು ಹೊಡೆಯಬೇಕು ಅಂತ ಗೊತ್ತು ಮಾಡುವ ಹಳೇ ಬಗೆಯ ಎಣಿಕೆ ಚಕ್ರದಲ್ಲಿ ಅದು ಸಹಜ, ಸರಿ ಮಾಡಬಹುದು. ಹೊಡೆಯುತ್ತಾ ನಡುವೆ ಏದುಸಿರು ಬಿಟ್ಟ ಹಾಗೆ ನಿಧಾನವಾದರೆ ಮಾತ್ರ ಸರ್ವಿಸ್ ಬೇಕು.

ಲೋಲಕ ಆಡಿಸಿ ಫೋನಿನಲ್ಲಿ ಸದ್ದು ಹಿಡಿಯಿರಿ. ಹತ್ತು ನಿಮಿಷ ತಾನಾಗೇ ಓಡಬೇಕು. ಕೊನೆಗೆ ಅಯಸ್ಕಾಂತ. ಹಿತ್ತಾಳೆಗೆ ಅದು ಅಂಟುವುದಿಲ್ಲ. 'ಗಟ್ಟಿ ಹಿತ್ತಾಳೆ' ಅಂದ ಪೆಟ್ಟಿಗೆಗೆ ಅಂಟಿದರೆ ಅದು ಕಬ್ಬಿಣದ ಮೇಲಿನ ಲೇಪ.

6. ವಯಸ್ಸು ಹೇಳುವ ಗುರುತು, ನಕಲಿಯ ಗುರುತು

ಡಯಲ್ ಮೇಲೆ 'ವೆಸ್ಟ್ ಜರ್ಮನಿ' ಅಂತ ಇದ್ದರೆ ಅದು 1949ರ ನಂತರದ್ದು. ಆ ದೇಶ ಹುಟ್ಟಿದ್ದೇ ಆಗ. 'ಆಕ್ಯುಪೈಡ್ ಜಪಾನ್' ಅಂತ ಇದ್ದರೆ 1945ರಿಂದ 1952ರ ನಡುವಿನದು. ತಲೆಯಲ್ಲಿ ಪ್ಲಸ್ ಗುರುತಿನ ಸ್ಕ್ರೂ 1930ರ ದಶಕದಲ್ಲಿ ಬಳಕೆಗೆ ಬಂದದ್ದು. 1880ರ ಗಡಿಯಾರ ಅಂತ ಹೇಳಿ, ಒಳಗೆಲ್ಲ ಪ್ಲಸ್ ಸ್ಕ್ರೂ ಇದ್ದರೆ ಕೇಳಬೇಕಾದ ಪ್ರಶ್ನೆ ಇದೆ ಅಲ್ವಾ? ಹಳೇ ಗಾಜು ಪೂರ್ತಿ ಸಮತಟ್ಟಾಗಿ ಇರುವುದಿಲ್ಲ. ಓರೆಯಾಗಿ ನೋಡಿದರೆ ನೀರಿನ ಮೇಲಿನ ಅಲೆಯ ಹಾಗೆ ಕಾಣುತ್ತದೆ. ರೋಮನ್ ಅಂಕಿಯ ನಾಲ್ಕನ್ನು ನಾಲ್ಕು ಗೆರೆಯಾಗಿ ಬರೆದಿದ್ದರೆ ಅದು ತಪ್ಪಲ್ಲ, ಗಡಿಯಾರಗಳಲ್ಲಿ ಹಾಗೇ ರೂಢಿ.

ಈಗ ಎಲ್ಲೆಡೆ ಸಿಗುವ, ಎರಡು ಮುಖದ, ಗೋಡೆಯಿಂದ ಚಾಚಿಕೊಂಡಿರುವ 'ಸ್ಟೇಷನ್ ಗಡಿಯಾರ' ನೋಡಿರುತ್ತೀರಿ. 'ವಿಕ್ಟೋರಿಯಾ ಸ್ಟೇಷನ್ 1747, ಲಂಡನ್' ಅಂತ ಬರೆದಿರುತ್ತದೆ. 1747ರಲ್ಲಿ ಪ್ರಯಾಣಿಕರ ರೈಲೇ ಇರಲಿಲ್ಲ. ಲಂಡನ್ನಿನ ವಿಕ್ಟೋರಿಯಾ ಸ್ಟೇಷನ್ ತೆರೆದದ್ದು 1860ರಲ್ಲಿ. ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರಲ್ಲಿ. ಹೋಂಸ್ಟೇ ವರಾಂಡಕ್ಕೆ ಅಂಥದ್ದು ಚೆಂದ ಕಾಣುತ್ತದೆ, ಬೇಕಾದರೆ ಹಾಕಿ. ಹೊಸ ಸಾಮಾನಿನ ಬೆಲೆಗೆ ತನ್ನಿ.

ಹಳೇ ಕೇಸ್‌ನೊಳಗೆ ಸೆಲ್ ಹಾಕುವ ಮಿಶಿನ್ ಕೂರಿಸಿ ಮಾರುವುದೂ ಜಾಸ್ತಿಯಾಗಿದೆ. ಕೀ ತೂತು ಇರುತ್ತದೆ, ಒಳಗೆ ಕಡ್ಡಿ ಇರುವುದಿಲ್ಲ. ಕೀ ಕೊಡುವ ಪುರುಸೊತ್ತು ನಿಜಕ್ಕೂ ಇಲ್ಲದವರಿಗೆ ಅದು ಆದೀತು. ಆದರೆ ನಿಮ್ಮ ತಾತನ ಗಡಿಯಾರಕ್ಕೆ ದಯವಿಟ್ಟು ಹಾಗೆ ಮಾಡಿಸಬೇಡಿ. ಸವೆದ ಮಿಶಿನ್‌ಗೆ ಜೀವ ಕೊಡಬಹುದು, ಗುಜರಿಗೆ ಹೋದದ್ದು ತಿರುಗಿ ಬರುವುದಿಲ್ಲ.

7. ದುಡ್ಡು ಮತ್ತು ಕಾನೂನು

ಬೆಲೆ ಅಂದರೆ ಗಡಿಯಾರದ ಬೆಲೆ, ಸರ್ವಿಸ್ ಖರ್ಚು, ಸಾಗಣೆ ಮೂರೂ ಸೇರಿ. 'ಓಡುತ್ತೆ ಸಾರ್' ಅನ್ನುವುದಕ್ಕೂ 'ಸರ್ವಿಸ್ ಆಗಿದೆ' ಅನ್ನುವುದಕ್ಕೂ ವ್ಯತ್ಯಾಸ ಇದೆ. ಬಿಲ್ಲಿನಲ್ಲಿ ಯಾವ ಕಂಪನಿ, ಸುಮಾರು ಯಾವ ಕಾಲದ್ದು, ಮಿಶಿನ್ ಅಸಲಿಯಾ ಅಂತ ಬರೆಸಿಕೊಳ್ಳಿ.

1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಮಗಳು ವಿದೇಶದಲ್ಲಿದ್ದಾಳೆ, ಅವಳಿಗೆ ಉಡುಗೊರೆ ಕೊಡಬೇಕು ಅನ್ನುವವರು ಇದನ್ನು ನೆನಪಿಡಿ. ಅಷ್ಟು ಹಳೆಯದಲ್ಲ ಅನ್ನುವುದಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪತ್ರ ಪಡೆಯಬೇಕಾಗುತ್ತದೆ. ಆನೆದಂತದ ಕೆತ್ತನೆ ಇರುವ ಗಡಿಯಾರವನ್ನು ಮುಟ್ಟಲೇ ಬೇಡಿ, ಅದರ ವ್ಯಾಪಾರ ಅಪರಾಧ.

8. ಮನೆಗೆ ತರುವುದು

ಲೋಲಕ ಬಿಚ್ಚಿ, ಬಟ್ಟೆ ಸುತ್ತಿ ಬೇರೆ ಇಟ್ಟುಕೊಳ್ಳಿ. ಲೋಲಕ ತೂಗುವುದು ಒಂದು ತೆಳು ಉಕ್ಕಿನ ಪಟ್ಟಿಯಿಂದ. ಅದನ್ನು ಸಸ್ಪೆನ್ಷನ್ ಸ್ಪ್ರಿಂಗ್ ಅನ್ನುತ್ತಾರೆ. ಬೆಂಗಳೂರಿಂದ ಹಾಸನಕ್ಕೆ ಬಸ್ಸಿನಲ್ಲಿ ತಂದ ಮೊದಲ ಗಡಿಯಾರದಲ್ಲಿ ನಾನು ಲೋಲಕ ಬಿಚ್ಚಿರಲಿಲ್ಲ. ಇಳಿಯುವ ಹೊತ್ತಿಗೆ ಆ ಪಟ್ಟಿ ಎರಡು ತುಂಡಾಗಿತ್ತು, ಗುಂಡು ಬಡಿದು ಒಳಗಿನ ಗಾಜು ಸೀಳಿತ್ತು. ಶಿರಾಡಿ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬರುವವರು ಇನ್ನೂ ಜಾಗ್ರತೆ ವಹಿಸಿ. ಸ್ಪ್ರಿಂಗ್ ಬದಲು ತೂಗುವ ಭಾರಗಳಿಂದ ಓಡುವ ಗಡಿಯಾರವಾದರೆ ಆ ಭಾರಗಳನ್ನೂ ತೆಗೆಯಿರಿ. ಗಡಿಯಾರ ನಿಂತ ಭಂಗಿಯಲ್ಲೇ ಇರಲಿ. ಕೀಯನ್ನು ಮರೆಯದೆ ಕೇಳಿ ತನ್ನಿ. ಅಳತೆ ಹೊಂದದ ಕೀ ಬಳಸಿದರೆ ಚೌಕ ಕಡ್ಡಿಯ ಮೂಲೆ ಸವೆಯುತ್ತದೆ.

9. ತೂಗುಹಾಕಿ, ಸಮ ಮಾಡಿ, ಸಮಯಕ್ಕೆ ತನ್ನಿ

ಇಟ್ಟಿಗೆ ಗೋಡೆಗೆ ಪ್ಲಗ್ ಹಾಕಿ ಗಟ್ಟಿ ಸ್ಕ್ರೂ ಬಿಗಿಯಿರಿ. ಹಳೇ ಮಣ್ಣಿನ ಗೋಡೆಗೆ ಮೊಳೆ ನಿಲ್ಲುವುದಿಲ್ಲ. ಅಲ್ಲಿ ಮರದ ಕಂಬಕ್ಕೆ ಹಾಕಿ, ಇಲ್ಲವೇ ಅಗಲವಾದ ಹಲಗೆಯನ್ನು ಮೂರು ನಾಲ್ಕು ಕಡೆ ಬಿಗಿದು ಅದರ ಮೇಲೆ ಹಾಕಿ. ಕೇಸ್‌ನ ಹಿಂದೆ ನಾಲ್ಕು ಮೂಲೆಗೆ ಬೆಂಡಿನ ಚೂರು ಅಂಟಿಸಿ. ಗೋಡೆಗೂ ಮರಕ್ಕೂ ನಡುವೆ ಗಾಳಿ ಆಡುತ್ತದೆ, ತೇವ ಏರುವುದಿಲ್ಲ.

ಈಗ ಕೀ ಕೊಡಿ. ಪೂರ್ತಿ ಕೊಟ್ಟರೆ ಸ್ಪ್ರಿಂಗ್ ಕೆಡುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಗಟ್ಟಿಯಾಗಿ ನಿಲ್ಲುವವರೆಗೂ ಕೊಡಬಹುದು. ಪೂರ್ತಿ ಕೀ ಕೊಟ್ಟೂ ಓಡದ ಗಡಿಯಾರಕ್ಕೆ ಹೆಚ್ಚಾಗಿ ಇರುವ ರೋಗ ಒಣಗಿದ ಎಣ್ಣೆ ಮತ್ತು ಕೊಳೆ.

ಲೋಲಕ ಆಡಿಸಿ ಕಣ್ಣು ಮುಚ್ಚಿ ಕೇಳಿ. ಟಿಕ್, ಟಾಕ್, ಟಿಕ್, ಟಾಕ್ ನಡುವಿನ ಬಿಡುವು ಒಂದೇ ಸಮ ಇರಬೇಕು. ಕುಂಟುವವರ ಹೆಜ್ಜೆಯ ಹಾಗೆ ಟಿಕ್‌ಟಾಕ್… ಟಿಕ್‌ಟಾಕ್… ಅಂತ ಕೇಳಿದರೆ ಸ್ವಲ್ಪ ಹೊತ್ತಲ್ಲಿ ನಿಲ್ಲುತ್ತದೆ. ಮನೆಗೆ ತಂದ ಮೇಲೆ 'ಅಂಗಡಿಯಲ್ಲಿ ಓಡುತ್ತಿತ್ತು, ಇಲ್ಲಿ ಓಡುತ್ತಿಲ್ಲ' ಅನ್ನುವವರಲ್ಲಿ ಹೆಚ್ಚಿನವರ ತೊಂದರೆ ಇಷ್ಟೇ. ಕೇಸ್‌ನ ಕೆಳತುದಿಯನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿ ಕೇಳಿ. ಇನ್ನೂ ಕುಂಟಿದರೆ ಬಲಕ್ಕೆ. ಸಮ ಆದ ಜಾಗದಲ್ಲಿ ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿ, ಕೆಳಗೆ ಸರಿಯದಂತೆ ಮಾಡಿ. ನೋಡಲು ಗಡಿಯಾರ ತುಸು ವಾಲಿದ ಹಾಗೆ ಕಂಡರೆ ರಿಪೇರಿಯವರು ಒಳಗಿನ ಕಡ್ಡಿಯನ್ನು ಸ್ವಲ್ಪ ಬಾಗಿಸಿ ಸರಿಮಾಡುತ್ತಾರೆ. ಅದನ್ನು ನೀವೇ ಮಾಡಬೇಡಿ.

ಸಮಯ ಹೊಂದಿಸುವುದು ಗುಂಡಿನ ಕೆಳಗಿನ ತಿರುಪಿನಿಂದ. ಗುಂಡು ಕೆಳಗೆ ಬಂದರೆ ನಿಧಾನ, ಮೇಲೆ ಹೋದರೆ ಜೋರು. ಇಲ್ಲೊಂದು ಸ್ವಾರಸ್ಯ ಇದೆ. ಭೂಮಿಯ ಸೆಳೆತ ಎಲ್ಲ ಕಡೆ ಒಂದೇ ಅಲ್ಲ, ಸಮಭಾಜಕದ ಹತ್ತಿರ ಬಂದಷ್ಟೂ ಕಡಿಮೆ. 1672ರಲ್ಲಿ ಝಾಂ ರಿಷೆ ಎಂಬ ಫ್ರೆಂಚ್ ಖಗೋಳ ಪಂಡಿತ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದಾಗ, ಪ್ಯಾರಿಸ್ಸಿಗೆ ಹೊಂದಿಸಿದ್ದ ಲೋಲಕ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುತ್ತಿತ್ತು. ಅದೇ ಲೆಕ್ಕದಲ್ಲಿ ಜರ್ಮನಿಯಲ್ಲಿ ಸಮಯಕ್ಕೆ ಸರಿಯಾಗಿದ್ದ ಗಡಿಯಾರ ನಮ್ಮ ಚಿಕ್ಕಮಗಳೂರಿಗೆ ಬಂದರೆ ದಿನಕ್ಕೆ ಎರಡು ನಿಮಿಷದ ಆಸುಪಾಸು ಹಿಂದೆ ಬೀಳುತ್ತದೆ. ಗಡಿಯಾರ ಕೆಟ್ಟಿಲ್ಲ, ಊರು ಬದಲಾಗಿದೆ. ಗುಂಡು ಸ್ವಲ್ಪ ಮೇಲೇರಿಸಿದರೆ ಆಯಿತು.

ಎಷ್ಟು ಏರಿಸುವುದು? ಸುಮಾರು 25 ಸೆಂ.ಮೀ. ಉದ್ದದ ಲೋಲಕವಾದರೆ ದಿನಕ್ಕೆ 1 ನಿಮಿಷದ ವ್ಯತ್ಯಾಸಕ್ಕೆ ಗುಂಡು ಸರಿಯಬೇಕಾದದ್ದು ಮಿಲಿಮೀಟರಿನ ಮೂರನೇ ಒಂದು ಭಾಗ. ಅಂದರೆ ತಿರುಪನ್ನು ಅರ್ಧ ಸುತ್ತೋ ಇನ್ನೂ ಕಡಿಮೆಯೋ ತಿರುಗಿಸಿ, ಒಂದು ದಿನ ಕಾಯಿರಿ, ಬರೆದಿಟ್ಟುಕೊಳ್ಳಿ. ಅದೇ ದಿನ ಮೂರು ಸಲ ತಿರುಗಿಸಿದರೆ ಎಲ್ಲಿದ್ದೀರಿ ಅಂತಲೇ ಗೊತ್ತಾಗುವುದಿಲ್ಲ. ವಾರಕ್ಕೆ ಒಂದೆರಡು ನಿಮಿಷದೊಳಗೆ ಬಂದರೆ ಅಷ್ಟಕ್ಕೆ ಬಿಡಿ. ಕೀ ಕೊಡಲು ಭಾನುವಾರ ಬೆಳಿಗ್ಗೆ ಕಾಫಿ ಹೊತ್ತು ಅಂತ ಗೊತ್ತು ಮಾಡಿಕೊಳ್ಳಿ, ಮರೆಯುವುದಿಲ್ಲ.

10. ಮಳೆಗಾಲಕ್ಕೆ ತಯಾರಿ

ಮೇ ಕೊನೆಗೆ ಕೇಸ್‌ನ ಒಳತಳದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಇದು ತೇವ ಹೀರುವ ಹರಳು. ಲೋಲಕಕ್ಕೆ ತಾಗದಂತೆ ಮೂಲೆಯಲ್ಲಿರಲಿ. ನೀಲಿ ಹರಳಿನ ಬಗೆಯಲ್ಲಿ ಬಣ್ಣ ಗುಲಾಬಿಗೆ ತಿರುಗಿದರೆ ಬದಲಾಯಿಸಿ. ಕೇಸ್ ಮೇಲೆ ಬೂಷ್ಟು ಕಂಡರೆ ಒಣ ಹತ್ತಿ ಬಟ್ಟೆಯಿಂದ ಒರೆಸಿ, ಆಮೇಲೆ ತೆಳುವಾಗಿ ಜೇನುಮೇಣ ಹಚ್ಚಿ. ಒದ್ದೆ ಬಟ್ಟೆ ಬೇಡ. ಒಣಗಲಿ ಅಂತ ಬಿಸಿಲಿಗೂ ಇಡಬೇಡಿ, ಅಂಟು ಬಿಡುತ್ತದೆ.

ಹಿತ್ತಾಳೆ ತೊಳೆಯುವ ಪಾಲಿಶ್ ಅನ್ನು ಡಯಲ್‌ಗೆ ಮುಟ್ಟಿಸಬೇಡಿ, ಅಂಕಿಗಳೇ ಅಳಿಸಿಹೋಗುತ್ತವೆ. ಮಿಶಿನ್‌ಗೆ ಕೊಬ್ಬರಿ ಎಣ್ಣೆ, ಹೊಲಿಗೆ ಮಿಶಿನ್ ಎಣ್ಣೆ, ಸೀಮೆಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಬೇಡ. ಕೊಬ್ಬರಿ ಎಣ್ಣೆ ನಮ್ಮ ಚಳಿಗೆ ಹೆಪ್ಪುಗಟ್ಟುತ್ತದೆ, ಬೇಸಿಗೆಗೆ ಕರಗಿ ಧೂಳು ಹಿಡಿಯುತ್ತದೆ. ಗಡಿಯಾರದ ಎಣ್ಣೆಯೇ ಬೇರೆ, ಅದೂ ತೂತಿಗೊಂದು ಹನಿ ಸಾಕು. ಹಲ್ಲುಗಳಿಗೆ ಎಣ್ಣೆ ಹಾಕುವುದಿಲ್ಲ.

ಮೂರರಿಂದ ಐದು ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ. ಮಳೆಗಾಲ ಮುಗಿದು ದೀಪಾವಳಿ ಕಳೆದ ಮೇಲೆ ಕೊಟ್ಟರೆ ಒಳ್ಳೆಯದು. ಸ್ಪ್ರಿಂಗ್ ಇರುವ ಮಿಶಿನ್ ಅನ್ನು ಮನೆಯಲ್ಲಿ ಬಿಚ್ಚಬೇಡಿ, ಸುತ್ತಿದ ಸ್ಪ್ರಿಂಗ್ ಒಮ್ಮೆಲೇ ಬಿಚ್ಚಿಕೊಂಡರೆ ಕೈ ಸೀಳುತ್ತದೆ. ರಿಪೇರಿಗೆ ಕೊಡುವ ಮೊದಲು ಮಿಶಿನ್‌ನ ನಾಲ್ಕೂ ಕಡೆಯ ಫೋಟೋ ತೆಗೆಯಿರಿ, ತಟ್ಟೆಯ ಮೇಲಿನ ನಂಬರ್ ಬರೆದುಕೊಳ್ಳಿ. ಏನೇ ಬದಲಾಯಿಸಿದರೂ ಹಳೇ ಭಾಗವನ್ನು ವಾಪಸ್ ಕೇಳಿ ಪಡೆಯಿರಿ. ಅದನ್ನು ಒಂದು ಡಬ್ಬಿಯಲ್ಲಿ ಹಾಕಿ, ಯಾವ ವರ್ಷ ಏನು ಮಾಡಿಸಿದಿರಿ ಅಂತ ಚೀಟಿ ಬರೆದು, ಕೇಸ್‌ನ ಒಳಗೇ ಇಡಿ.